ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ ದರ ಏರಿಕೆಯನ್ನು ಪ್ರಶ್ನಿಸುವ ಗ್ರಾಹಕ ಸಂಘಕ್ಕೆ ಖರ್ಚು ವಾಪಸ್ ಸಿಗುತ್ತದೆಯೇ?

ನೀವು ಕೇಳಿರುವುದು: ಅಲ್ಲಿನ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ (ವಿದ್ಯುತ್ ದರ ನಿರ್ಧರಿಸುವ ಆಯೋಗ) ಮುಂದೆ ಸಣ್ಣ ಗ್ರಾಹಕ ಸಂಘವೊಂದು ದರ ಏರಿಕೆಯ ವಿರುದ್ಧ ವಾದಿಸಿದರೆ, ವಕೀಲರಿಗೂ ತಜ್ಞರಿಗೂ ಆದ ಖರ್ಚು ಯಾರು ಕೊಡುತ್ತಾರೆ?

ವಿದ್ಯುತ್ ಕಂಪನಿಯೇ ಕೊಡಬೇಕು. ಆ ಮೊತ್ತವನ್ನು ಅದು ದರದಲ್ಲಿ ಸೇರಿಸಿ ಗ್ರಾಹಕರಿಂದ ವಸೂಲು ಮಾಡಿಕೊಳ್ಳುತ್ತದೆ. ಕಂಪನಿ ತನ್ನ ವಕೀಲರಿಗೆ ಕೊಡುವ ಫೀಸೂ ಹೆಚ್ಚಾಗಿ ಬಿಲ್ಲಿನಿಂದಲೇ ಹೋಗುವಾಗ, ಎದುರು ಪಕ್ಷಕ್ಕೂ ಅದೇ ಹಣ ಸಿಗುವುದು ನ್ಯಾಯ ಎಂದೇ ನನ್ನ ಅಭಿಪ್ರಾಯ. ಈ ವ್ಯವಸ್ಥೆ ಪಬ್ಲಿಕ್ ಯುಟಿಲಿಟೀಸ್ ಕೋಡ್‌ನ 1801ರಿಂದ 1812ರವರೆಗಿನ ಸೆಕ್ಷನ್‌ಗಳಲ್ಲಿದೆ. ಆದರೆ ಮುಂಗಡವಾಗಿ ಏನೂ ಸಿಗುವುದಿಲ್ಲ. ದೊಡ್ಡ ದರ ಪ್ರಕರಣ ವರ್ಷಕ್ಕೂ ಮೀರಿ ಎಳೆಯಬಹುದು. ಅಲ್ಲಿಯವರೆಗೆ ಕೈಯಿಂದಲೇ ಹಾಕಬೇಕು.

ಮೊದಲು ಪ್ರಕರಣದಲ್ಲಿ ‘ಪಾರ್ಟಿ’ (ಅಧಿಕೃತ ಕಕ್ಷಿದಾರ) ಆಗಬೇಕು. ಸಾರ್ವಜನಿಕ ಸಭೆಯಲ್ಲಿ ಮಾತಾಡಿದರೆ, ಅಭಿಪ್ರಾಯ ಬರೆದು ಕಳಿಸಿದರೆ ಆ ಸ್ಥಾನ ಬರುವುದಿಲ್ಲ. ಪ್ರೊಟೆಸ್ಟ್ (ಲಿಖಿತ ಆಕ್ಷೇಪಣೆ) ಸಲ್ಲಿಸಿ ಅಥವಾ ಪಾರ್ಟಿಯಾಗಲು ಅನುಮತಿ ಕೋರಿ ಮೋಷನ್ ಹಾಕಿ. ಪ್ರಿಹಿಯರಿಂಗ್ ಕಾನ್ಫರೆನ್ಸ್ (ವಿಚಾರಣೆಗೆ ಮುಂಚಿನ ಸಭೆ) ನಡೆದ 30 ದಿನಗಳೊಳಗೆ ನೋಟಿಸ್ ಆಫ್ ಇಂಟೆಂಟ್ (ಖರ್ಚು ಕೇಳುವ ಉದ್ದೇಶವಿದೆ ಎಂಬ ಸೂಚನೆ) ಸಲ್ಲಿಸಬೇಕು. ಯಾವ ಯಾವ ವಿಷಯದಲ್ಲಿ ಭಾಗವಹಿಸುತ್ತೀರಿ, ಯಾರಿಗೆ ಎಷ್ಟು ಗಂಟೆ ಹಿಡಿಯಬಹುದು, ಒಟ್ಟು ಅಂದಾಜು ಎಷ್ಟು ಎಂಬುದು ಅದರಲ್ಲಿರಬೇಕು. ಸಂಘದ ಬೈಲಾದಲ್ಲಿ ಮನೆ ಬಳಕೆಯ ಗ್ರಾಹಕರನ್ನು ಪ್ರತಿನಿಧಿಸುವ ಅಧಿಕಾರ ಸ್ಪಷ್ಟವಾಗಿ ಬರೆದಿರಲಿ. ಅದಿಲ್ಲದಿದ್ದರೆ ಅರ್ಹತೆಯ ಹಂತದಲ್ಲೇ ತೊಡಕು.

ಆರ್ಥಿಕ ಹೊರೆಯನ್ನೂ ತೋರಿಸಬೇಕು. ಸಂಘಗಳಿಗೆ ಇದು ಅಷ್ಟು ಕಷ್ಟವಲ್ಲ: ಒಬ್ಬೊಬ್ಬ ಸದಸ್ಯರ ಬಿಲ್ಲಿನಲ್ಲಿ ಉಳಿಯುವುದು ಕೆಲವೇ ಡಾಲರ್, ವಾದಿಸುವ ಖರ್ಚು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಎಂದು ತೋರಿಸಿದರೆ ಸಾಕು. ಅರ್ಹರೆಂದು ಆದೇಶ ಬಂದರೂ ಹಣ ಬಂದೇ ಬರುತ್ತದೆ ಎಂದಲ್ಲ.

ನಿಜವಾದ ಪರೀಕ್ಷೆ ‘ಸಬ್‌ಸ್ಟ್ಯಾನ್ಷಿಯಲ್ ಕಾಂಟ್ರಿಬ್ಯೂಷನ್’, ಅಂದರೆ ತೀರ್ಪಿಗೆ ನಿಮ್ಮ ಗಣನೀಯ ಕೊಡುಗೆ. ನೀವು ಮುಂದಿಟ್ಟ ವಾಸ್ತವಾಂಶ, ಕಾನೂನಿನ ವಾದ ಅಥವಾ ಶಿಫಾರಸನ್ನು ಆಯೋಗ ಪೂರ್ತಿಯಾಗಿಯೋ ಭಾಗಶಃವೋ ಒಪ್ಪಿರಬೇಕು. ಕೇಳಿದ್ದು ಅರ್ಧ ಮಾತ್ರ ಸಿಕ್ಕಿದ್ದರೂ ಪೂರ್ತಿ ಖರ್ಚು ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಆದ್ದರಿಂದ ಕ್ಲೇಮ್ (ಖರ್ಚು ಕೇಳುವ ಅರ್ಜಿ) ಬರೆಯುವಾಗ ‘ನಾವು ತುಂಬ ಶ್ರಮಪಟ್ಟೆವು’ ಎನ್ನಬೇಡಿ. ನಿಮ್ಮ ಬ್ರೀಫಿನ (ಲಿಖಿತ ವಾದದ) ಇಂಥ ಪುಟದ ವಾದ, ತೀರ್ಪಿನ ಇಂಥ ಪುಟದ ನಿರ್ಣಯ ಎಂದು ಎದುರುಬದುರು ಇಡಿ. ಬೇರೊಂದು ಸಂಘವೂ ಅದನ್ನೇ ಹೇಳಿದ್ದರೆ, ನಿಮ್ಮದು ಅದಕ್ಕೆ ಏನು ಸೇರಿಸಿತು ಎಂಬುದನ್ನೂ ಬರೆಯಿರಿ. ಪುನರಾವರ್ತನೆ ಎನಿಸಿದ ಗಂಟೆಗಳಿಗೆ ಕತ್ತರಿ ಬೀಳುತ್ತದೆ.

ಹೆಚ್ಚು ಹಣ ಕಳೆದುಹೋಗುವುದು ಗಂಟೆಗಳ ಲೆಕ್ಕದಲ್ಲಿ. ಯಾರು, ಯಾವ ದಿನ, ಎಷ್ಟು ಹೊತ್ತು, ಏನು ಮಾಡಿದರು, ಯಾವ ವಿಷಯಕ್ಕೆ ಸಂಬಂಧಿಸಿದ್ದು ಎಂಬ ಐದೂ ಕಾಲಂ ಮೊದಲ ದಿನದಿಂದಲೇ ತುಂಬಿ. ‘ದಾಖಲೆ ಓದು, ಫೋನ್, ಕರಡು: 6 ಗಂಟೆ’ ಎಂದು ಒಟ್ಟಿಗೆ ಬರೆದರೆ ಯಾವುದಕ್ಕೆ ಎಷ್ಟು ಎಂದು ಬಿಡಿಸಲಾಗುವುದಿಲ್ಲ. ಸೋತ ವಿಷಯದ ಗಂಟೆಗಳನ್ನು ಕಳೆಯುವಾಗ ಗೆದ್ದ ವಿಷಯದ ಗಂಟೆಗಳೂ ಅದರ ಜೊತೆಗೇ ಹೋಗುತ್ತವೆ. ಕ್ಲೇಮ್ ಸಿದ್ಧಪಡಿಸಿದ ಹೊತ್ತಿಗೆ ಅರ್ಧ ದರ ಮಾತ್ರ. ಗಂಟೆಯ ದರವೂ ನಿಮ್ಮ ಇಷ್ಟದಂತಲ್ಲ. ಅಂಥದೇ ಅನುಭವ ಇರುವವರಿಗೆ ಮಾರುಕಟ್ಟೆಯಲ್ಲಿ ಸಿಗುವ ದರಕ್ಕೆ ಆಯೋಗ ಕಟ್ಟಿಹಾಕುತ್ತದೆ. ಹಾಗಾಗಿ ಪ್ರತಿಯೊಬ್ಬರ ರೆಸ್ಯೂಮೆ ಲಗತ್ತಿಸಿ.

ಅಂತಿಮ ತೀರ್ಪು ಹೊರಬಿದ್ದ 60 ದಿನಗಳೊಳಗೆ ಕ್ಲೇಮ್ ಸಲ್ಲಿಸಬೇಕು. ಕಂಪನಿ 30 ದಿನಗಳೊಳಗೆ ಆಕ್ಷೇಪಿಸಬಹುದು, ಅದಕ್ಕೆ ನೀವು 15 ದಿನಗಳೊಳಗೆ ಉತ್ತರಿಸಬಹುದು. ಆಯೋಗ 75 ದಿನಗಳಲ್ಲಿ ತೀರ್ಮಾನಿಸಬೇಕೆಂದು ಕಾನೂನಿದೆ. ತಡವಾದರೆ 75ನೇ ದಿನದಿಂದ ಬಡ್ಡಿ ಸೇರಿಸುವುದು ಆಯೋಗದ ರೂಢಿ. ಮಂಜೂರಾದ ಮೇಲೆ ಕಂಪನಿ 30 ದಿನಗಳೊಳಗೆ ಪಾವತಿಸಬೇಕು.

ನಮ್ಮ ಕೆಇಆರ್‌ಸಿಯಲ್ಲಿ (ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ) ಹೀಗಿದೆಯೇ ಎಂದೂ ಕೇಳಿದ್ದೀರಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ದರ ಆದೇಶಕ್ಕೆ ಮುನ್ನ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಲೇಬೇಕು. 94(3)ರ ಅಡಿಯಲ್ಲಿ ಗ್ರಾಹಕರ ಪರ ವಾದಿಸಲು ಆಯೋಗ ಒಬ್ಬರಿಗೆ ಅಧಿಕಾರ ಕೊಡಬಹುದು. ಅವರ ಖರ್ಚಿನ ಬಗ್ಗೆ ಆ ಎರಡು ಸೆಕ್ಷನ್‌ಗಳಲ್ಲಿ ಒಂದು ಮಾತೂ ಇಲ್ಲ.