ಮಳೆ ನಿಂತಾಗ ಎಚ್ಚರ ಆಗೋದು ಯಾಕೆ

ಕೊಡಗಿನ ಕಕ್ಕಡ ತಿಂಗಳ ಮಳೆ ರಾತ್ರಿಯಿಡೀ ಶೀಟಿನ ಮೇಲೆ ಬಡಿದರೂ ನಾಪೋಕ್ಲಿನ ನಿಮ್ಮ ಮನೇಲಿ ನಿದ್ದೆ ಬರುತ್ತದೆ, ಮಳೆ ನಿಂತ ಕೂಡಲೇ ಎಚ್ಚರವಾಗುತ್ತದೆ, ಕಿವಿ ಏನಾದರೂ ಮುಚ್ಚಿಕೊಳ್ಳುತ್ತಾ ಅಂತ ಕೇಳಿದ್ದೀರಿ. ಕಿವಿ ತೆರೆದೇ ಇರುತ್ತದೆ. ಇದು ನರಗಳ ಲೆಕ್ಕಾಚಾರ.

ನರಕೋಶಗಳು ಮಾತಾಡೋದು ಪುಟ್ಟ ಪುಟ್ಟ ವಿದ್ಯುತ್ ಮಿಡಿತಗಳಲ್ಲಿ. 1926ರಲ್ಲಿ ಏಡ್ರಿಯನ್ ಮತ್ತು ಝಾಟರ್‌ಮನ್ ಎಂಬ ವಿಜ್ಞಾನಿಗಳು ಕಪ್ಪೆಯ ಸ್ನಾಯುವನ್ನು ಎಳೆದು ಹಾಗೇ ಹಿಡಿದರು. ಒಂದೇ ಒಂದು ನರದ ಎಳೆಯನ್ನು ಗಮನಿಸಿದರು. ಮೊದಲು ಮಿಡಿತ ಪಟಪಟ, ಆಮೇಲೆ ನಿಧಾನ. ಎಳೆತ ಮಾತ್ರ ಅಷ್ಟೇ ಇತ್ತು! ಬದಲಾಗದ ಸುದ್ದಿಯನ್ನು ನರ ಅದೇ ಜೋರಿನಲ್ಲಿ ಹೇಳುತ್ತಾ ಇರುವುದಿಲ್ಲ. ಒಂದೇ ಸಮನೆ ಬಡಿಯೋ ಮಳೆಯ ಸದ್ದೂ ಅಂಥ ಸುದ್ದಿಯೇ. ಪ್ರತಿ ಮಿಡಿತಕ್ಕೂ ಶಕ್ತಿ ಬೇಕಲ್ವಾ? ಮಿದುಳಿನ ತೂಕ ದೇಹದ ನೂರಕ್ಕೆ 2 ಭಾಗ, ಆದರೆ ಬಳಸೋ ಶಕ್ತಿ ಸುಮಾರು 20 ಭಾಗ. ಗೊತ್ತಿರೋದನ್ನು ಕಳೆದು ಹೊಸದನ್ನು ಮುಂದೆ ಕಳಿಸೋದೇ ಈ ನರಗಳ ಕೆಲಸ ಇರಬೇಕು ಅಂತ ನರವಿಜ್ಞಾನಿ ಹೊರೇಸ್ ಬಾರ್ಲೋ 1961ರಲ್ಲಿ ಬರೆದರು. ಎಷ್ಟು ಸಲ ಓದಿದರೂ ನನಗೆ ಇದು ಸೋಜಿಗವೇ.

ಇನ್ನು, ಸದ್ದು ನಿಂತ ಕ್ಷಣಕ್ಕೇ ಮಿಡಿಯುವ ಕೋಶಗಳೂ ಕಿವಿಯಿಂದ ಮಿದುಳಿಗೆ ಹೋಗುವ ದಾರಿಯಲ್ಲಿವೆ. ಅವಕ್ಕೆ ಮೌನವೂ ಸುದ್ದಿ. ನಮ್ಮ ಅಜ್ಜಿಗೂ ಹೀಗೇ. ಮಳೆ ನಿಂತು, ಹಂಚಿನ ಅಂಚಿಂದ ಬಕೆಟಿಗೆ ಒಂದು ಹನಿ ಟಪ್ ಅಂದರೆ ಸಾಕು, ಎದ್ದು ಕೂರುತ್ತಿದ್ದರು.