ಪ್ರತಿಕ್ರಿಯೆ: ಎರಡನೇ ಸಲ ಓದುವಾಗ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಮುಂದೆ ಸಾಗುತ್ತಿಲ್ಲ

ಬಹುಶಃ ಚಾರ್ಲ್ಸ್ ಡಿಕನ್ಸ್‌ರ ಈ ಕಾದಂಬರಿಯನ್ನು ನೀವು ಈಗಲೂ ಕಥೆಗಾಗಿಯೇ ಓದುತ್ತಿದ್ದೀರಿ. ಕಾಲೇಜಿನಲ್ಲಿ ಒಂದೇ ಉಸಿರಿಗೆ ಮುಗಿಸಿದ್ದು ಈಗ ನೂರು ಪುಟ ದಾಟುತ್ತಿಲ್ಲ ಅಂದಿರಿ. ಕಥಾನಾಯಕ ಪಿಪ್‌ಗೆ ದುಡ್ಡು ಕಳಿಸಿದ್ದು ಯಾರು ಅಂತ ಗೊತ್ತಿದೆಯಲ್ವಾ, ಆ ಕುತೂಹಲ ಇನ್ನು ಎಳೆಯುವುದಿಲ್ಲ.

ಮೊದಲು ನಿಮ್ಮ ಪ್ರತಿ ನೋಡಿ. ಯಾವುದಿದೆಯೋ ಗೊತ್ತಿಲ್ಲ, 59 ಅಧ್ಯಾಯ ಇಲ್ಲದಿದ್ದರೆ ಸಂಕ್ಷಿಪ್ತ ಇರಬಹುದು, ಬದಲಿಸಿ.

ಆಮೇಲೆ ಸೀದಾ 27ನೇ ಅಧ್ಯಾಯಕ್ಕೆ ಹೋಗಿ. ಪಿಪ್‌ನ ಭಾವ, ಕಮ್ಮಾರ ಜೋ, ಈಗ ಸಿರಿವಂತನಂತೆ ಬದುಕುತ್ತಿರುವ ಪಿಪ್‌ನನ್ನು ನೋಡಲು ಲಂಡನ್ನಿಗೆ ಬರುತ್ತಾನೆ. ಬೆಂಕಿಗೂಡಿನ ಮೇಲಿನ ಹಲಗೆಯ ಮೂಲೆಯಲ್ಲಿ ಟೋಪಿ ಇಡುತ್ತಾನೆ, ಅದು ಪದೇ ಪದೇ ಬೀಳುತ್ತದೆ. ತನ್ನ ಮನೆಯಲ್ಲೇ ಬೆಳೆದ ಹುಡುಗನನ್ನು ‘ಸರ್’ ಅನ್ನುತ್ತಾನೆ. ಇಪ್ಪತ್ತರಲ್ಲಿ ಓದಿದಾಗ ನನಗೆ ಪಿಪ್ ಜೊತೆ ಮುಜುಗರವಾಗಿತ್ತು. ನಲವತ್ತರಲ್ಲಿ ಜೋಗಾಗಿ ಗಂಟಲು ಕಟ್ಟಿತು. ಕಥೆ ಹೇಳುತ್ತಿರುವ ದೊಡ್ಡ ಪಿಪ್‌ಗೂ ಆ ದಿನದ ಬಗ್ಗೆ ನಾಚಿಕೆಯಿದೆ ಅನ್ನೋದು ಆಗಲೇ ಕಂಡಿದ್ದು.

ಇದು ಮನಸ್ಸಿಗೆ ಹಿಡಿದರೆ ಮೊದಲಿಂದ ಶುರು ಮಾಡಿ, ದಿನಕ್ಕೆ ಒಂದೆರಡು ಅಧ್ಯಾಯ ಮಾತ್ರ. 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ವಾರವಾರ ಧಾರಾವಾಹಿಯಾಗಿ ಬಂದ ಕಾದಂಬರಿ ಇದು, ಅವಸರ ಬೇಡ. ಡಿಕನ್ಸ್ ಮೊದಲು ಬರೆದಿದ್ದ ಮುಕ್ತಾಯ ಬೇರೆಯೇ ಇತ್ತು, ಗೆಳೆಯ, ಕಾದಂಬರಿಕಾರ ಬುಲ್ವರ್ ಲಿಟ್ಟನ್ ಹೇಳಿದ ಮೇಲೆ ಬದಲಿಸಿದರು. ಕೆಲವು ಆವೃತ್ತಿಗಳ ಕೊನೆಯಲ್ಲಿ ಆ ಮೊದಲ ಮುಕ್ತಾಯವೂ ಇರುತ್ತದೆ. ಸಿಕ್ಕರೆ ಅದನ್ನೂ ಓದಿ.