ಯುದ್ಧದಲ್ಲಿ ಹೆಲಿಕಾಪ್ಟರ್ ಪೈಲಟ್‌ಗೆ ನಿಜವಾದ ಕಷ್ಟ ಇಳಿಯುವುದರಲ್ಲಿದೆ

ನೀವು ಕೇಳಿರುವುದು ಎರಡು ಪ್ರಶ್ನೆ. ಫೈಟರ್ ಜೆಟ್ ಪೈಲಟ್‌ಗೆ ಹೋಲಿಸಿದರೆ ಹೆಲಿಕಾಪ್ಟರ್ ಪೈಲಟ್‌ನ ಕೆಲಸ ಸುಲಭ ಅಲ್ವಾ ಅನ್ನುವುದು ಒಂದು. ಕೆಳಗಿನಿಂದ ಗುಂಡು ಬರುವಾಗ ಅವರಿಗೆ ಭಯ ಆಗುವುದಿಲ್ವಾ ಅನ್ನುವುದು ಇನ್ನೊಂದು.

ಮೊದಲೇ ಹೇಳಿಬಿಡುತ್ತೇನೆ, ನಾನು ಪೈಲಟ್ ಅಲ್ಲ. ಹೆಲಿಕಾಪ್ಟರ್ ಎಂಜಿನ್‌ಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ಆಗಿದ್ದೆ. ನಾನು ಯುದ್ಧಕ್ಕೆ ಹೋದವನಲ್ಲ, ಆದರೆ ಹೋಗಿ ಬಂದ ಕೆಲವು ಪೈಲಟ್‌ಗಳ ಜೊತೆ ಕೆಲಸ ಮಾಡಿದ್ದೇನೆ. ಅವರು ಹೇಳಿದ್ದು ಕಡಿಮೆ. ಉಳಿದದ್ದನ್ನು ರಿಟೈರ್ ಆದ ಮೇಲೆ ಓದಿ ತಿಳಿದುಕೊಂಡೆ. ಬೇರೆ ಹವ್ಯಾಸ ಏನೂ ಇಲ್ಲ ನೋಡಿ.

ಸುಲಭ ಅಲ್ಲ. ಫೈಟರ್ ಪೈಲಟ್ ಶತ್ರುವಿನ ಮೇಲೆ ಹಾದು ಹೋಗುತ್ತಾನೆ. ಅವನ ಅಪಾಯ ಸಣ್ಣದು ಅಂತ ನಾನು ಹೇಳುತ್ತಿಲ್ಲ, ಆದರೆ ವೇಗ ಅವನ ಪರವಾಗಿರುತ್ತದೆ. ಹೆಲಿಕಾಪ್ಟರ್‌ನವನು ಗುಂಡು ಹಾರುತ್ತಿರುವ ಜಾಗಕ್ಕೇ ಹೋಗಿ ಅಲ್ಲಿ ನಿಲ್ಲಬೇಕು. ಸೈನಿಕರು ಇಳಿಯುವವರೆಗೆ, ಇಲ್ಲವೇ ಗಾಯಗೊಂಡವರನ್ನು ಹತ್ತಿಸುವವರೆಗೆ ಸುಮ್ನೆ ಕೂತಿರಬೇಕು. ಹತ್ತು ಸೆಕೆಂಡ್ ಇರಬಹುದು, ಒಂದು ನಿಮಿಷ ಇರಬಹುದು. ಎರಡೂ ಕೈ, ಎರಡೂ ಕಾಲು ಕಂಟ್ರೋಲ್ ಮೇಲೆ. ತಲೆ ಬಗ್ಗಿಸುವ ಹಾಗೂ ಇಲ್ಲ.

ಇದು ಯಾಕೆ ಇಷ್ಟು ಅಪಾಯ ಅಂತ ತಿಳಿಯಲು ಎಂಜಿನ್ ನಿಂತರೆ ಏನಾಗುತ್ತದೆ ಅಂತ ನೋಡಬೇಕು. ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಪೈಲಟ್ ಎಡಗೈಯಲ್ಲಿರುವ ಕಲೆಕ್ಟಿವ್ ಲಿವರನ್ನು (ತಲೆಯ ಮೇಲೆ ತಿರುಗುವ ರೋಟರ್‌ನ ರೆಕ್ಕೆಗಳ ಕೋನ ಬದಲಿಸುವುದು ಇದೇ) ತಕ್ಷಣ ಕೆಳಗೆ ತಳ್ಳುತ್ತಾನೆ. ಕೆಳಗಿನಿಂದ ಮೇಲಕ್ಕೆ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತಾ ಇರುತ್ತದೆ. ನೆಲ ಹತ್ತಿರ ಬಂದಾಗ ಆ ತಿರುಗುವ ಶಕ್ತಿಯನ್ನೇ ಬಳಸಿ ಮೆಲ್ಲಗೆ ಇಳಿಸುತ್ತಾನೆ. ಇದಕ್ಕೆ ಆಟೊರೊಟೇಶನ್ ಅನ್ನುತ್ತಾರೆ. 1972ರಲ್ಲಿ ಫ್ರಾನ್ಸಿನ ಟೆಸ್ಟ್ ಪೈಲಟ್ ಜಾನ್ ಬುಲೆ ಲಾಮಾ ಹೆಲಿಕಾಪ್ಟರನ್ನು 12,442 ಮೀಟರ್ ಎತ್ತರಕ್ಕೆ ಏರಿಸಿ ವಿಶ್ವದಾಖಲೆ ಮಾಡಿದರು. ಅಲ್ಲಿ ಎಂಜಿನ್ ಆರಿಹೋಯಿತು. ಆದರೂ ಅಷ್ಟೂ ಎತ್ತರದಿಂದ ಎಂಜಿನ್ ಇಲ್ಲದೆಯೇ ಕ್ಷೇಮವಾಗಿ ಇಳಿದರು. (ನಮ್ಮ ಸೇನೆಯ ಚೀತಾ ಅದೇ ಲಾಮಾ. ಎಚ್‌ಎಎಲ್ ಲೈಸೆನ್ಸ್ ಪಡೆದು ತಯಾರಿಸಿದ್ದು.)

ಅಂದರೆ ನಲವತ್ತು ಸಾವಿರ ಅಡಿಯಲ್ಲಿ ಎಂಜಿನ್ ಹೋದರೂ ಬದುಕಬಹುದು. ನೂರು ಅಡಿಯಲ್ಲಿ, ವೇಗ ಇಲ್ಲದಿರುವಾಗ ಹೋದರೆ ಕಷ್ಟ. ರೋಟರ್‌ಗೆ ಚೇತರಿಸಿಕೊಳ್ಳಲು ಎತ್ತರ ಬೇಕು, ಇಲ್ಲವೇ ವೇಗ ಬೇಕು. ಇಳಿಯುವ ಕೊನೆಯ ಕ್ಷಣಗಳಲ್ಲಿ ಎರಡೂ ಇರುವುದಿಲ್ಲ. ಯುದ್ಧದಲ್ಲಿ ಶತ್ರು ಕಾಯುವುದು ಸರಿಯಾಗಿ ಆ ಕ್ಷಣಕ್ಕೇ.

ಇದರ ಬೆಲೆ ಎಲ್ಲರಿಗಿಂತ ಜಾಸ್ತಿ ಕೊಟ್ಟವರು ವಿಯೆಟ್ನಾಂನಲ್ಲಿದ್ದ ಅಮೆರಿಕದ ಪೈಲಟ್‌ಗಳು. ಆ ಯುದ್ಧದಲ್ಲಿ ಅಮೆರಿಕ ಬಳಸಿದ ಹೆಲಿಕಾಪ್ಟರ್‌ಗಳು ಸುಮಾರು 12,000. ನಾಶವಾದದ್ದು 5,000ಕ್ಕೂ ಜಾಸ್ತಿ. ಸತ್ತ ಪೈಲಟ್‌ಗಳೇ ಎರಡು ಸಾವಿರ ದಾಟುತ್ತಾರೆ. ಅವರಲ್ಲಿ ಬಹಳ ಜನ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದರ ಹುಡುಗರು. ಶಾಲೆ ಮುಗಿಸಿದವರನ್ನೇ ನೇರವಾಗಿ ತರಬೇತಿಗೆ ಸೇರಿಸಿಕೊಂಡು, ಟೆಕ್ಸಾಸ್‌ನಲ್ಲಿ ಒಂದಿಷ್ಟು, ಅಲಬಾಮಾದಲ್ಲಿ ಒಂದಿಷ್ಟು ಕಲಿಸಿ ಕಳಿಸುತ್ತಿದ್ದರು.

ಅವರ ಕೈಗೆ ಸಿಕ್ಕಿದ್ದು ಹ್ಯೂಯಿ ಅನ್ನುವ ಹೆಲಿಕಾಪ್ಟರ್. ಒಳ್ಳೆಯ ಮೆಷಿನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಸಿಲಲ್ಲಿ ಗಾಳಿ ತೆಳುವಾಗುತ್ತದೆ, ಎಂಜಿನ್ ಶಕ್ತಿಯೂ ಕುಗ್ಗುತ್ತದೆ. ಭಾರ ಜಾಸ್ತಿಯಾದಾಗ ನೇರ ಮೇಲೆ ಏಳುವುದು ಆಗುತ್ತಿರಲಿಲ್ಲ. ಚಕ್ರದ ಬದಲು ಕೆಳಗಿರುವ ಉದ್ದನೆಯ ಕಂಬಿಗಳನ್ನು, ಅಂದರೆ ಸ್ಕಿಡ್‌ಗಳನ್ನು, ನೆಲಕ್ಕೆ ಉಜ್ಜುತ್ತಾ ಮುಂದೆ ಜಾರಿಸಿ, ಸ್ವಲ್ಪ ವೇಗ ಬಂದ ಮೇಲೆ ಎಬ್ಬಿಸುತ್ತಿದ್ದರು. ರೋಟರ್ ವೇಗ ಇಳಿದರೆ ಹೆಲ್ಮೆಟ್ ಒಳಗೆ ಎಚ್ಚರಿಕೆಯ ಸದ್ದು ಶುರುವಾಗುತ್ತದೆ. ಎದುರಿಗೆ ಮರಗಳ ಸಾಲು, ಹಿಂದೆ ಗಾಯಗೊಂಡವರು, ಕಿವಿಯಲ್ಲಿ ಆ ಸದ್ದು. ಎಂಜಿನ್ ಜೊತೆ ಬದುಕಿದವನಾಗಿ ಹೇಳುತ್ತೇನೆ, ಅದನ್ನು ಕಲ್ಪಿಸಿಕೊಂಡರೇ ನನಗೆ ಬೆವರು ಬರುತ್ತದೆ.

ಇಳಿಯುವಾಗ ಇಬ್ಬರು ಪೈಲಟ್‌ಗಳೂ ಕಂಟ್ರೋಲ್ ಮೇಲೆ ಕೈ ಇಟ್ಟಿರುತ್ತಿದ್ದರು. ಒಬ್ಬನಿಗೆ ಗುಂಡು ಬಿದ್ದರೆ ಇನ್ನೊಬ್ಬ ಹಿಡಿದುಕೊಳ್ಳಲಿ ಅಂತ. ಇದನ್ನು ನನಗೆ ಹೇಳಿದ ಪೈಲಟ್ ತೀರಾ ಮಾಮೂಲಿ ವಿಷಯ ಅನ್ನುವ ಹಾಗೆ ಹೇಳಿದ್ದರು.

1965ರ ನವೆಂಬರ್ 14. ಇಯಾ ಡ್ರಾಂಗ್ ಕಣಿವೆಯಲ್ಲಿ ಎಕ್ಸ್-ರೇ ಅಂತ ಹೆಸರಿಟ್ಟಿದ್ದ ಒಂದು ಬಯಲು. ಅಮೆರಿಕದ ಒಂದು ಬೆಟಾಲಿಯನ್ ಅಲ್ಲಿ ಇಳಿದು, ತನಗಿಂತ ಎಷ್ಟೋ ದೊಡ್ಡ ಪಡೆಯ ನಡುವೆ ಸಿಕ್ಕಿಬಿತ್ತು. ಗುಂಡಿನ ಮಳೆ ನೋಡಿ, ಗಾಯಾಳುಗಳನ್ನು ಸಾಗಿಸಬೇಕಿದ್ದ ತಂಡ ಅಲ್ಲಿ ಇಳಿಯಲು ಒಪ್ಪಲಿಲ್ಲ. ಅವರನ್ನು ನಾನು ಬೈಯುವುದಿಲ್ಲ. ಆಗ ಹೋದವರು ಬ್ರೂಸ್ ಕ್ರಾಂಡಲ್ ಮತ್ತು ಎಡ್ ಫ್ರೀಮನ್. ಅದು ಅವರ ಕೆಲಸವೇ ಆಗಿರಲಿಲ್ಲ, ಅವರು ಸೈನಿಕರನ್ನು ಬಿಟ್ಟು ಬರುವ ಪೈಲಟ್‌ಗಳು. ಆಯುಧ ಇಲ್ಲದ ಹ್ಯೂಯಿಗಳಲ್ಲಿ ಮದ್ದುಗುಂಡು, ನೀರು ತುಂಬಿಕೊಂಡು ಹೋದರು. ಬರುವಾಗ ಗಾಯಗೊಂಡವರನ್ನು ತಂದರು. ಮತ್ತೆ ಹೋದರು. ಕ್ರಾಂಡಲ್ ಆ ದಿನ 22 ಸಲ ಹಾರಿದರು. ಒಂದು ಹೆಲಿಕಾಪ್ಟರ್ ಗುಂಡು ತಿಂದು ಕೆಟ್ಟರೆ ಇನ್ನೊಂದನ್ನು ಹತ್ತಿ ಹೊರಟರು. ಇಬ್ಬರೂ ಸೇರಿ 70ಕ್ಕೂ ಜಾಸ್ತಿ ಜನರನ್ನು ಹೊರಗೆ ತಂದರು.

ಫ್ರೀಮನ್ ವಿಷಯ ಒಂದು ತಮಾಷೆ ಇದೆ. ಆರು ಅಡಿ ನಾಲ್ಕು ಇಂಚಿನ ಆಳು. ಎತ್ತರ ಜಾಸ್ತಿಯಾಯಿತು ಅಂತ ಮೊದಲು ಪೈಲಟ್ ತರಬೇತಿಗೇ ತೆಗೆದುಕೊಂಡಿರಲಿಲ್ಲವಂತೆ. ‘ಟೂ ಟಾಲ್’ ಅನ್ನುವ ಅಡ್ಡಹೆಸರು ಕೊನೆಯವರೆಗೂ ಉಳಿಯಿತು. ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ, ಮೆಡಲ್ ಆಫ್ ಆನರ್, ಅವರಿಗೆ ಸಿಕ್ಕಿದ್ದು 2001ರಲ್ಲಿ. ಕ್ರಾಂಡಲ್‌ಗೆ 2007ರಲ್ಲಿ. ನಲವತ್ತು ವರ್ಷ ಬೇಕಾಯಿತು.

ಗಾಯಾಳುಗಳನ್ನು ತರುವ ಹೆಲಿಕಾಪ್ಟರ್‌ಗಳಿಗೆ ರೇಡಿಯೊದಲ್ಲಿ ‘ಡಸ್ಟ್‌ಆಫ್’ ಅಂತ ಹೆಸರು. ಯಾರೇ ಕರೆದರೂ, ಯಾವ ಹೊತ್ತಿಗೆ ಕರೆದರೂ ಹೋಗಬೇಕು ಅನ್ನುವ ಪದ್ಧತಿ ಬೆಳೆದದ್ದು ಮೇಜರ್ ಚಾರ್ಲ್ಸ್ ಕೆಲ್ಲಿಯಿಂದ. 1964ರ ಜುಲೈ 1ರಂದು ಅವರು ಇಳಿದ ಜಾಗದಲ್ಲಿ ಗುಂಡು ಜೋರಾಯಿತು. ವಾಪಸ್ ಹೋಗಿ ಅಂತ ಕೆಳಗಿನಿಂದ ರೇಡಿಯೊದಲ್ಲಿ ಕೂಗಿದರು. ‘ನಿಮ್ಮ ಗಾಯಾಳುಗಳು ನನಗೆ ಸಿಕ್ಕ ಮೇಲೆ’ ಅಂದರು ಕೆಲ್ಲಿ. ಅದಾದ ಕೂಡಲೇ ತೆರೆದ ಬಾಗಿಲಿನಿಂದ ಬಂದ ಗುಂಡು ಅವರ ಎದೆಗೆ ತಾಗಿತು. ಅಲ್ಲೇ ಸತ್ತರು.

ಕೆಲ್ಲಿಯ ಕೈಕೆಳಗೆ ಕೆಲಸ ಕಲಿತವರು ಪ್ಯಾಟ್ರಿಕ್ ಬ್ರೇಡಿ. 1968ರ ಜನವರಿ 6ರಂದು ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೇರೆಯವರು ಹೋಗಿ ಹೋಗಿ ವಾಪಸ್ ಬಂದಿದ್ದರು. ಬ್ರೇಡಿ ಏನು ಮಾಡಿದರು ಗೊತ್ತಾ? ಹೆಲಿಕಾಪ್ಟರನ್ನು ಪಕ್ಕಕ್ಕೆ ವಾಲಿಸಿ, ಏಡಿಯ ಹಾಗೆ ಅಡ್ಡಡ್ಡ ಹಾರಿಸಿದರು. ರೋಟರ್ ಗಾಳಿ ಮಂಜನ್ನು ಸ್ವಲ್ಪ ಸ್ವಲ್ಪವೇ ಚದುರಿಸುತ್ತಿತ್ತು. ಆ ಸಂದಿಯಲ್ಲಿ ಪಕ್ಕದ ಕಿಟಕಿಯಿಂದ ಕಾಣುವ ಕಾಲುದಾರಿ ಹಿಡಿದು ಕಣಿವೆಯೊಳಗೆ ಇಳಿದರು. ಆ ಒಂದೇ ದಿನ ಮೂರು ಹೆಲಿಕಾಪ್ಟರ್ ಬದಲಾಯಿಸಿ 51 ಗಾಯಾಳುಗಳನ್ನು ತಂದರು. ಆ ಮೂರರಲ್ಲೂ ಸೇರಿ ಬಿದ್ದಿದ್ದ ತೂತುಗಳು 400ಕ್ಕೂ ಜಾಸ್ತಿ. ಅವನ್ನು ಎಣಿಸಿದ, ಮತ್ತೆ ತೇಪೆ ಹಾಕಿದ ನನ್ನಂಥ ಟೆಕ್ನಿಷಿಯನ್‌ಗಳ ಬಗ್ಗೆ ಯಾರೂ ಬರೆಯುವುದಿಲ್ಲ, ಅದಿರಲಿ.

ನಮ್ಮ ಕಡೆಯ ಅನುಭವ ಬೇರೆ ಥರದ್ದು. 1971ರ ಡಿಸೆಂಬರ್ 9ರ ರಾತ್ರಿ ಭಾರತೀಯ ವಾಯುಪಡೆಯ ಎಂಐ-4 ಹೆಲಿಕಾಪ್ಟರ್‌ಗಳು ಸೈನಿಕರನ್ನು ಮೇಘನಾ ನದಿ ದಾಟಿಸಿದವು. ಅಶುಗಂಜ್‌ನ ಸೇತುವೆಯನ್ನು ಪಾಕಿಸ್ತಾನದ ಪಡೆ ಒಡೆದು ಹಾಕಿತ್ತು, ಢಾಕಾ ಕಡೆಗೆ ಹೋಗಲು ಬೇರೆ ದಾರಿ ಇರಲಿಲ್ಲ. ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್ ಇದರ ಉಸ್ತುವಾರಿ ಹೊತ್ತಿದ್ದರು. ಇಳಿಯುವ ಜಾಗ ಅಂದರೆ ಬಯಲು, ಗುರುತಿಗೆ ಟಾರ್ಚ್ ಬೆಳಕು. ಎಂಐ-4ನಲ್ಲಿ ದೊಡ್ಡ ಪಿಸ್ಟನ್ ಎಂಜಿನ್ ಮೂತಿಯಲ್ಲಿರುತ್ತದೆ, ಪೈಲಟ್‌ಗಳು ಅದರ ಮೇಲೆಯೇ ಕೂರುತ್ತಾರೆ. ಲೆಕ್ಕಕ್ಕಿಂತ ಜಾಸ್ತಿ ಜನರನ್ನು ತುಂಬಿಕೊಂಡು, ಅದೇ ದಾರಿಯಲ್ಲಿ ಮತ್ತೆ ಮತ್ತೆ ಹೋಗಿ ಬಂದರು. ಕತ್ತಲಲ್ಲಿ, ಇಂದಿನ ನೈಟ್ ವಿಷನ್ ಕನ್ನಡಕ ಇಲ್ಲದೆ.

ಕಾರ್ಗಿಲ್‌ನಲ್ಲಿ ಶತ್ರುವಿನ ಜೊತೆ ಎತ್ತರವೂ ಸೇರಿಕೊಂಡಿತು. 18,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ರೋಟರ್‌ಗೆ ಹಿಡಿತ ಸಿಗುವುದಿಲ್ಲ, ಎಂಜಿನ್‌ಗೆ ಉಸಿರು ಸಾಲುವುದಿಲ್ಲ. ಎತ್ತರದಲ್ಲಿ ಕೆಲಸ ಮಾಡುವಾಗ ನಾನು ನೋಡಿದ್ದೇನೆ, ಪೈಲಟ್‌ಗಳು ಒಂದೊಂದು ಕಿಲೋಗೂ ಜಗಳ ಆಡುತ್ತಾರೆ. ನನ್ನ ಟೂಲ್ ಬಾಕ್ಸ್‌ನಲ್ಲಿ ಅರ್ಧದಷ್ಟು ಸ್ಪ್ಯಾನರ್‌ಗಳನ್ನು ಒಬ್ಬರು ತೆಗೆಸಿಟ್ಟಿದ್ದರು. ಶೂ ಬಿಚ್ಚಿ ಅಂತ ಹೇಳುವುದೊಂದು ಬಾಕಿ ಇತ್ತು.

ಅಂಥ ಕಡೆ, 1999ರ ಮೇ 28ರಂದು, ತೋಲೋಲಿಂಗ್ ಹತ್ತಿರ ರಾಕೆಟ್ ದಾಳಿಗೆ ಹೋಗಿದ್ದ ಒಂದು ಎಂಐ-17 ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗೆ ಸಿಕ್ಕಿತು. ಒಳಗಿದ್ದ ನಾಲ್ವರೂ ಉಳಿಯಲಿಲ್ಲ. ಎಂಐ-17 ಮೂಲತಃ ಜನ, ಸಾಮಾನು ಸಾಗಿಸುವ ಹೆಲಿಕಾಪ್ಟರ್. ಅದಕ್ಕೆ ರಾಕೆಟ್ ಕಟ್ಟಿ, ಶತ್ರು ಬೆಟ್ಟದ ತುದಿಯಲ್ಲಿ ಕೂತಿರುವ ಕಡೆಗೆ ಕಳಿಸಿದ್ದು. ಅಲ್ಲಿ ಕ್ಷಿಪಣಿ ಕೆಳಗಿನಿಂದಲೇ ಬರಬೇಕು ಅಂತಿಲ್ಲ, ಪಕ್ಕದಿಂದಲೂ ಬರುತ್ತದೆ. ಆಮೇಲೆ ಹೆಲಿಕಾಪ್ಟರ್‌ಗಳನ್ನು ದಾಳಿ ಕೆಲಸದಿಂದ ಹಿಂದಕ್ಕೆ ತೆಗೆದುಕೊಂಡರು. ಗಾಯಾಳುಗಳನ್ನು ತರುವ ಕೆಲಸ ಮಾತ್ರ ನಿಲ್ಲಲಿಲ್ಲ. ಆ ಎತ್ತರಕ್ಕೆಂದೇ ಬೇರೆ ದಾಳಿ ಹೆಲಿಕಾಪ್ಟರ್ ಬೇಕು ಅನ್ನುವುದು ಆಗ ಗಟ್ಟಿಯಾಯಿತು. ಎಚ್‌ಎಎಲ್ ಮಾಡಿದ ಪ್ರಚಂಡ್ ವಾಯುಪಡೆಗೆ ಸೇರಿದ್ದು 2022ರ ಅಕ್ಟೋಬರ್‌ನಲ್ಲಿ. ಇಪ್ಪತ್ತಮೂರು ವರ್ಷ. ಕೋಪ ಬರುತ್ತದೆ, ಆದರೆ ಬೆಟ್ಟದ ಮೇಲೆ ಹಾರುವ ಎಂಜಿನ್ ಮಾಡುವುದು ಎಷ್ಟು ಕಷ್ಟ ಅಂತಲೂ ನನಗೆ ಗೊತ್ತು.

ಇಳಿಯುವ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಬೇರೆ ಒಬ್ಬರು. ಅಮೆರಿಕದ ಪೈಲಟ್ ಹ್ಯೂ ಥಾಂಪ್ಸನ್, ಆಗ 24 ವರ್ಷ. 1968ರ ಮಾರ್ಚ್ 16ರಂದು ವಿಯೆಟ್ನಾಂನ ಮೈ ಲಾಯ್ ಹಳ್ಳಿಯ ಮೇಲೆ ಸಣ್ಣ ಹೆಲಿಕಾಪ್ಟರ್‌ನಲ್ಲಿ ಹಾರುತ್ತಿದ್ದರು. ಕೆಳಗೆ ತಮ್ಮದೇ ದೇಶದ ಸೈನಿಕರು ಹೆಂಗಸರು, ಮಕ್ಕಳು ಅನ್ನದೆ ಕೊಲ್ಲುತ್ತಿರುವುದು ಕಂಡಿತು. ಮೇಲಿನಿಂದ ನೋಡಿ ಹೋಗಬಹುದಿತ್ತು. ಓಡುತ್ತಿದ್ದ ಹಳ್ಳಿಯವರಿಗೂ ಅವರತ್ತ ಬರುತ್ತಿದ್ದ ಸೈನಿಕರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದರು. ಈ ಸೈನಿಕರು ಗುಂಡು ಹಾರಿಸಿದರೆ ನೀವೂ ಅವರ ಮೇಲೆ ಹಾರಿಸಿ ಅಂತ ತಮ್ಮ ಜೊತೆಗಿದ್ದ ಕೋಲ್ಬರ್ನ್, ಆಂಡ್ರಿಯೊಟ್ಟಾ ಇಬ್ಬರಿಗೂ ಹೇಳಿ ಕೆಳಗೆ ಇಳಿದು ಹೋದರು. ಇನ್ನೊಂದು ಹೆಲಿಕಾಪ್ಟರ್ ಕರೆಸಿ ಆ ಜನರನ್ನು ಸಾಗಿಸಿದರು. ಆಮೇಲೆ ಹೆಣಗಳ ಹಳ್ಳದಿಂದ ಒಂದು ಮಗುವನ್ನು ಎತ್ತಿ ತಂದರು. ಊರಿಗೆ ಬಂದ ಮೇಲೆ ದ್ರೋಹಿ ಅನ್ನಿಸಿಕೊಂಡರು. ಅದಕ್ಕಾಗಿ ಸೋಲ್ಜರ್ಸ್ ಮೆಡಲ್ ಕೊಟ್ಟಿದ್ದು 1998ರಲ್ಲಿ. ಆಂಡ್ರಿಯೊಟ್ಟಾ ಅಷ್ಟರಲ್ಲಿ ಇರಲಿಲ್ಲ. ಮೈ ಲಾಯ್ ಆಗಿ ಮೂರೇ ವಾರಕ್ಕೆ ಯುದ್ಧದಲ್ಲಿ ಸತ್ತಿದ್ದರು.

ಇನ್ನು ಭಯದ ಪ್ರಶ್ನೆ.

ನಾನು ಒಬ್ಬ ಪೈಲಟ್‌ಗೆ ಇದನ್ನೇ ನೇರವಾಗಿ ಕೇಳಿದ್ದೆ. ಅವರು ಹೇಳಿದ್ದು ಇಷ್ಟೇ: ‘ಇಳಿಯುವಾಗ ಭಯಕ್ಕೆ ಜಾಗ ಇರಲ್ಲ. ಟಾರ್ಕ್ ನೋಡಬೇಕು, ಅಂದ್ರೆ ಎಂಜಿನ್ ಮೇಲೆ ಎಷ್ಟು ಭಾರ ಬಿದ್ದಿದೆ ಅಂತ, ಗಾಳಿ ನೋಡಬೇಕು, ಬಾಲದ ಹತ್ತಿರ ಏನಿದೆ ಅಂತ ಹಿಂದೆ ಇರೋನು ಹೇಳೋದು ಕೇಳಬೇಕು. ಹೊರಟು ಐದು ನಿಮಿಷ ಆದ ಮೇಲೆ ಮೊಣಕಾಲು ನಡುಗೋಕೆ ಶುರುವಾಗುತ್ತೆ. ಪೆಡಲ್ ಮೇಲೆ ಕಾಲು ನಿಲ್ಲಲ್ಲ.’ ಭಯ ಇಲ್ಲದ ಪೈಲಟ್ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ತಡವಾಗಿ ಬರುತ್ತದೆ ಅಷ್ಟೆ. ಕೆಲವರಿಗೆ ಐದು ನಿಮಿಷ, ಕೆಲವರಿಗೆ ಹತ್ತು ವರ್ಷ.

ಮೈಕೆಲ್ ನೊವೊಸೆಲ್ ಅಂತ ಅಮೆರಿಕದವರು ಒಬ್ಬರಿದ್ದರು. ಎರಡನೇ ಮಹಾಯುದ್ಧದಲ್ಲಿ ಬಿ-29 ಬಾಂಬರ್ ಹಾರಿಸಿದವರು, ವಾಯುಪಡೆಯ ರಿಸರ್ವ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್. ನಲವತ್ತು ದಾಟಿದ ಮೇಲೆ ಆ ದರ್ಜೆ ಬಿಟ್ಟು, ಸೇನೆಯಲ್ಲಿ ಸಾಮಾನ್ಯ ವಾರಂಟ್ ಆಫೀಸರ್ ಆಗಿ ಡಸ್ಟ್‌ಆಫ್ ಹೆಲಿಕಾಪ್ಟರ್‌ಗೆ ಸೇರಿದರು. ವಿಯೆಟ್ನಾಂನಲ್ಲಿ ಎರಡು ಅವಧಿ ಕೆಲಸ ಮಾಡಿ 5,589 ಗಾಯಾಳುಗಳನ್ನು ತಂದರು. 1969ರ ಅಕ್ಟೋಬರ್ 2ರಂದು ಕೊನೆಯ ಒಬ್ಬನನ್ನು ಎತ್ತಲು ಹೆಲಿಕಾಪ್ಟರನ್ನು ಹಿಂದು ಹಿಂದಕ್ಕೆ ಓಡಿಸಿದರು, ಗುಂಡು ಬಾಲಕ್ಕೆ ಬೀಳಲಿ, ಒಳಗಿರುವವರಿಗೆ ಬೀಳದಿರಲಿ ಅಂತ. ಆದರೂ ಕೈಗೆ, ಕಾಲಿಗೆ ಏಟು ಬಿತ್ತು, ಒಂದು ಕ್ಷಣ ಹೆಲಿಕಾಪ್ಟರ್ ಹಿಡಿತ ತಪ್ಪಿತು. ಆ ಗಾಯಾಳು ಸ್ಕಿಡ್ ಹತ್ತಿರ ಜೋತಾಡುತ್ತಿದ್ದ. ಒಳಗಿದ್ದವರು ಅವನನ್ನು ಹಿಡಿದೆಳೆದುಕೊಂಡರು. ಆಗ ನೊವೊಸೆಲ್‌ಗೆ 47 ವರ್ಷ.

ಮುಂದೆ ಅವರ ಮಗನೂ ಅದೇ ಕೆಲಸಕ್ಕೆ ಬಂದು ಅಪ್ಪನ ಘಟಕದಲ್ಲೇ ಹಾರಿದ. ಒಂದು ಸಲ ಮಗನ ಹೆಲಿಕಾಪ್ಟರ್ ನೆಲಕ್ಕೆ ಬಿದ್ದಾಗ ಅಪ್ಪ ಹೋಗಿ ಎತ್ತಿಕೊಂಡು ಬಂದರು. ಇನ್ನೊಂದು ಸಲ ಅಪ್ಪ ಕೆಳಗೆ ಸಿಕ್ಕಿಬಿದ್ದಿದ್ದರು, ಇಳಿದು ಬಂದವನು ಮಗ.